ಕೊಕ್‌ಬೆಲ್‌ನ ಸುಟ್ಟ ಚೌಕಗಳು

ಕೊಕ್‌ಬೆಲ್ ಬೆಟ್ಟದ ಹಸಿರು ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು, ಒಟ್ಟು ಹತ್ತು ಕಪ್ಪು ಚೌಕ. ಯಾರೋ ಬೆಟ್ಟಕ್ಕೆ ಬರೆ ಹಾಕಿದಂತಿತ್ತು.

ನಾನು ಪೊಲೀಸ್ ಜೀಪು ನಿಲ್ಲಿಸಿದೆ. ಕ್ಯಾಪ್ಟನ್ ಕುಂದುಜ್ ಮೇಡಂ ಇಳಿದವರೇ ಮೊದಲ ಚೌಕದ ಪಕ್ಕ ಮಂಡಿಯೂರಿ ಮೂಸಿದರು.

"ಪೆಟ್ರೋಲು."

"ಮೂರು ವರ್ಷದ ಕೆಲಸ, ಕ್ಯಾಪ್ಟನ್! ಬೂದಿಯಾಯ್ತು!" ಡಾಕ್ಟರ್ ರಿಸ್ಬೆಕ್ ಕೈ ಚೆಲ್ಲಿದರು. ರಾಜಧಾನಿಯ ಸಸ್ಯವಿಜ್ಞಾನಿ, ಈ ಹುಲ್ಲುಗಾವಲಿನ ಸಮೀಕ್ಷೆಗೆ ಮುಖ್ಯಸ್ಥ. "ಇವತ್ತು ಕೊನೇ ಎಣಿಕೆ ಇತ್ತು. ಮಧ್ಯಾಹ್ನ ಸರ್ಕಾರದ ಸಮಿತಿ ಬರುತ್ತೆ. ಮೇಯಿಸೋದು ನಿಲ್ಲಿಸಿ ಇದನ್ನ ಸಂರಕ್ಷಿತ ಪ್ರದೇಶ ಮಾಡ್ಬೇಕು ಅಂತ ನನ್ನ ವಾದ. ಅದು ಯಾರಿಗೆ ಬೇಡವೋ ಅವರೇ ಸುಟ್ಟಿದ್ದಾರೆ."

ಅವರ ಬೆರಳು ಕೆಳಗಿನ ಕುರಿಗಾಹಿಗಳ ಗುಡಾರದತ್ತ ಚಾಚಿತ್ತು.

ಕೊನೆಯ ಚೌಕದಲ್ಲಿ ಒಂದು ಬಿಳಿ ಕಂಬಳಿ ಟೋಪಿ ಬಿದ್ದಿತ್ತು. ಒಳಗೆ ಕೆಂಪು ದಾರದಲ್ಲಿ ಹೆಸರು: ತಾಲಾಯ್.

"ಇನ್ನೇನು ಸಾಕ್ಷಿ ಬೇಕು?" ಎಂದರು ಡಾಕ್ಟರು.

ಮೇಡಂ ಟೋಪಿ ಎತ್ತಿದರು. ಅದರ ಕೆಳಗಿನ ಹುಲ್ಲೂ ಸುಟ್ಟು ಕರಕಲಾಗಿತ್ತು. ಅವರು ಟೋಪಿಯ ಅಂಚು ತಿರುಗಿಸಿ ನೋಡಿದರು; ಅದು ಎಲ್ಲೂ ಸುಟ್ಟಿರಲಿಲ್ಲ.

* * *

"ಬಾ ಮಗಳೇ, ಮೊದಲು ಕುಮಿಸ್ ಕುಡಿ. ಆಮೇಲೆ ನನ್ನ ಮೊಮ್ಮಗನಿಗೆ ಬೇಡಿ ಹಾಕು," ಅಂದಳು ಗುಡಾರದ ಒಡತಿ ಉಮ್ಸುನಾಯ್ ಅಜ್ಜಿ. ಹುಳಿ ಬರಿಸಿದ ಕುದುರೆ ಹಾಲಿನ ಬಟ್ಟಲು ಮುಂದೆ ಚಾಚಿದಳು.

ತಾಲಾಯ್ ಬಾಗಿಲಲ್ಲೇ ನಿಂತಿದ್ದ. ಮೂವತ್ತರ ಆಳು, ಕುದುರೆಯಂಥ ಮೈಕಟ್ಟು.

"ಟೋಪಿ ನಂದೇ, ಅಕ್ಕ. ಮೊನ್ನೆ ಡಾಕ್ಟರ ಡೇರೆ ಮುಂದೆ ಜಗಳ ಆಯ್ತು. ಸಿಟ್ಟಲ್ಲಿ ಟೋಪಿ ನೆಲಕ್ಕೆ ಬಡಿದು ಬಂದುಬಿಟ್ಟೆ. ವಾಪಸ್ ಕೇಳೋಕೆ ಮನಸ್ಸು ಬರ್ಲಿಲ್ಲ."

"ಜಗಳ ಯಾಕೆ?"

"ಕುರಿ ಮೇಯ್ಸಿ ಬೆಟ್ಟ ಹಾಳು ಮಾಡಿದ್ದೀರಿ, ಜಾಗ ಖಾಲಿ ಮಾಡಿ ಅಂದ್ರು."

"ಅದಕ್ಕೇ ಚೌಕ ಸುಟ್ಟೆಯಾ?"

"ಚೌಕ ಅಂದ್ರೆ ನಂಗೆ ಗೊತ್ತಿರೋದು ಡಾಕ್ಟರು ಹಾಕ್ಸಿರೋ ಆ ತಂತಿಬೇಲಿ ಒಳಗಿಂದು ಮಾತ್ರ. ಹೊರಗೂ ಇತ್ತು ಅನ್ನೋದೇ ಇವತ್ತು ತಿಳೀತು."

ಅಜ್ಜಿ ನಡುವೆ ಬಾಯಿ ಹಾಕಿದಳು. "ಆ ಡಾಕ್ಟರ್ ಬೆಳಿಗ್ಗೆ ಬಂದಿದ್ದ. ತಪ್ಪೊಪ್ಪಿಕೊಂಡು ಗುಡಾರ ಕಿತ್ತರೆ ಕೇಸು ಹಾಕ್ಸಲ್ಲ ಅಂದ. ಮಾಡದ ತಪ್ಪಿಗೆ ತಲೆ ತಗ್ಗಿಸೋ ಅಭ್ಯಾಸ ಈ ಮನೇಲಿ ಯಾರಿಗೂ ಇಲ್ಲ, ಮಗಳೇ. ಕುದುರೆಗಳಿಗೂ ಇಲ್ಲ."

ನನಗೆ ನಗು ಬಂತು. ಮೇಡಂ ನನ್ನ ಕಡೆ ಒಮ್ಮೆ ನೋಡಿದರು. ನಗು ನಿಂತಿತು.

* * *

ಬೇಲಿಯ ಹತ್ತಿರ ಚೋಲ್ಪೋನ್ ಒಬ್ಬಳೇ ಕೂತಿದ್ದಳು. ಡಾಕ್ಟರ ಸಹಾಯಕ ಸಂಶೋಧಕಿ. ಅತ್ತು ಕಣ್ಣು ಊದಿತ್ತು.

"ಈ ಚೌಕಗಳಲ್ಲಿ ಏನು ಅಳೀತೀರಿ?" ಮೇಡಂ ಕೇಳಿದರು.

"ಜೀವವೈವಿಧ್ಯ. ಇಡೀ ಬೆಟ್ಟ ಎಣಿಸೋಕಾಗಲ್ಲ. ಪಲಾವ್ ಬೆಂದಿದೆಯಾ ಅಂತ ಅಗುಳು ಹಿಸುಕಿ ನೋಡಲ್ವಾ? ಹಾಗೆ. ಮೀಟರಿನಷ್ಟು ಉದ್ದಗಲದ ಚೌಕ. ಅದರಲ್ಲಿ ಎಷ್ಟು ಜಾತಿ ಗಿಡ, ಯಾವುದು ಎಷ್ಟು ಪಾಲು ಅಂತ ನೋಡ್ತೀವಿ. ಹತ್ತು ಚೌಕ ಬೇಲಿ ಒಳಗೆ, ಕುರಿ ಬಾಯಿ ಹಾಕದ ಕಡೆ. ಹತ್ತು ಹೊರಗೆ, ಮೇಯೋ ಜಾಗದಲ್ಲಿ."

ಮೇಡಂ ಬೇಲಿಯೊಳಗೆ ಇಣುಕಿದರು. ಸೊಂಟದೆತ್ತರ ಹುಲ್ಲು. "ಒಳಗೇ ಸಮೃದ್ಧಿ ಇದೆಯಲ್ಲ."

"ಎಲ್ಲರೂ ಹಾಗೇ ಅಂದ್ಕೊಳ್ತಾರೆ. ಮದುವೆಗೆ ನೂರು ಜನ ಬಂದು, ತೊಂಬತ್ತು ಜನ ಒಂದೇ ಮನೆಯವರಾದರೆ? ಇಲ್ಲಿ ಒಂದು ಹುಲ್ಲು ಎತ್ತರಕ್ಕೆ ಬೆಳೆದು ಉಳಿದವಕ್ಕೆ ಬಿಸಿಲೇ ಬಿಟ್ಟಿಲ್ಲ. ಒಳಗೆ ಸರಾಸರಿ ಹನ್ನೊಂದು ಜಾತಿ. ಹೊರಗೆ ಜೂನಿನಲ್ಲಿ ನೋಡಿದಾಗಲೇ ಮೂವತ್ತು ದಾಟಿತ್ತು. ಹದವಾಗಿ ಮೇಯಿಸಿದ್ದಕ್ಕೇ ಹಾಗಾಗಿದ್ದು."

"ಇದು ಡಾಕ್ಟರಿಗೆ ಗೊತ್ತಾ?"

"ಹೇಳಿದ್ದೆ. ಜೂನಿನದು ಕಚ್ಚಾ ಎಣಿಕೆ, ಕೊನೇ ಎಣಿಕೆ ಆಗೋವರೆಗೂ ಬಾಯಿ ಬಿಡಬೇಡ ಅಂದ್ರು."

"ಹೊರಗಿನ ಚೌಕಕ್ಕೆ ಗುರುತು ಏನು?"

"ಮೂಲೆಗೊಂದು ಮೊಳೆ, ಮಣ್ಣಿನ ಮಟ್ಟಕ್ಕೆ ಹೊಡೆದದ್ದು. ಕುರಿಯವರಿಗೂ ಕಾಣಬಾರದು. ಕಂಡರೆ ಮಂದೆನ ಆ ಕಡೆಗೋ ಈ ಕಡೆಗೋ ತಿರುಗಿಸ್ತಾರೆ, ಲೆಕ್ಕ ಕೆಡುತ್ತೆ. ಜಿಪಿಎಸ್ ಹಿಡಿದೇ ಹುಡುಕಬೇಕು."

"ಜಿಪಿಎಸ್ ಯಾರ ಹತ್ತಿರ ಇರುತ್ತೆ?"

"ಡೇರೆಯಲ್ಲಿ. ನಾವಿಬ್ಬರೇ..." ಅವಳು ಮಾತು ನುಂಗಿದಳು. "ಮೇಡಂ, ನನ್ನ ಮೇಲೆ ಅನುಮಾನವಾ?"

"ರಾತ್ರಿ ಎಲ್ಲಿದ್ದೆ?"

"ಅಜ್ಜಿ ಗುಡಾರದಲ್ಲಿ. ಜನರೇಟರಿನಲ್ಲಿ ಪೆಟ್ರೋಲಿಲ್ಲ, ಕತ್ತಲಲ್ಲಿ ಕೂರಬೇಡ, ಅಲ್ಲೇ ಹೋಗಿ ಮಲಗು ಅಂತ ಡಾಕ್ಟರೇ ಕಳಿಸಿದ್ರು."

ಮೇಡಂ ನನ್ನನ್ನು ಅಜ್ಜಿಯ ಹತ್ತಿರ ಓಡಿಸಿದರು. ಅಜ್ಜಿಯ ಉತ್ತರ ಚುಟುಕಾಗಿತ್ತು: "ಇಲ್ಲೇ ಇದ್ದಳು. ಗೊರಕೆಗೆ ನನ್ನ ನಿದ್ದೆ ಹಾಳು."

* * *

ಮಧ್ಯಾಹ್ನ ಸಮಿತಿ ಬಂತು. ಅಧ್ಯಕ್ಷರು ದಪ್ಪ ಮನುಷ್ಯ, ಏದುಸಿರು ಬಿಡುತ್ತಿದ್ದರು. ಎಲ್ಲರೂ ಇಳಿಜಾರಿನಲ್ಲಿ ಸೇರಿದರು.

"ತಾಲಾಯನನ್ನ ಇನ್ನೂ ಹಿಡಿದಿಲ್ವಾ, ಕ್ಯಾಪ್ಟನ್?" ರಿಸ್ಬೆಕ್ ಕೇಳಿದರು.

"ಒಂದು ಮಾತು ಹೇಳಿ, ಡಾಕ್ಟ್ರೇ. ಬೇಲಿಯಿಂದ ತೊಂದರೆಯಾದ ಕುರಿಗಾಹಿ ಏನು ಸುಡ್ತಾನೆ? ಬೇಲಿ. ಅದಕ್ಕೆ ಒಂದು ಕಿಡಿಯೂ ತಾಕಿಲ್ಲ. ಸುಟ್ಟಿರೋದು ಅವನ ಕುರಿಗಳ ಹುಲ್ಲು."

"ದಡ್ಡ ಜನ. ಸಿಟ್ಟಲ್ಲಿ..."

"ಆ ದಡ್ಡ, ಕಣ್ಣಿಗೆ ಕಾಣದ ಮೊಳೆ ಹುಡುಕಿ ಹತ್ತಕ್ಕೆ ಹತ್ತೂ ಚೌಕ ಸುಟ್ಟಿದ್ದಾನೆ. ಗೇಣು ಆಚೀಚೆ ಆಗಿಲ್ಲ. ಜಿಪಿಎಸ್ ಇಲ್ಲದೆ ಅದು ಆಗದ ಕೆಲಸ. ಅದು ಸಿಗೋದು ಇಬ್ಬರಿಗೆ. ಚೋಲ್ಪೋನ್ ರಾತ್ರಿಯೆಲ್ಲ ಅಜ್ಜಿ ಜೊತೆಗಿದ್ದಳು. ಅವಳನ್ನ ಕಳಿಸಿದ್ದೂ ನೀವೇ. ಜನರೇಟರಿನ ಪೆಟ್ರೋಲು ಎಲ್ಲಿಗೆ ಹೋಯ್ತು?"

"ಟೋಪಿ..."

"ಮೊನ್ನೆಯಿಂದ ನಿಮ್ಮ ಡೇರೆ ಹತ್ತಿರ ಇತ್ತು. ಉರಿಯುವಾಗ ಬಿದ್ದಿದ್ದರೆ ಕೆಳಗಿನ ಹುಲ್ಲು ಉಳೀಬೇಕಿತ್ತು, ಟೋಪಿ ಸುಡಬೇಕಿತ್ತು. ಎಲ್ಲ ಆರಿದ ಮೇಲೆ ತಂದಿಟ್ಟಿದ್ದೀರಿ."

ಚೋಲ್ಪೋನ್ ಮುಂದೆ ಬಂದಳು. "ಟೋಪಿ ನಿನ್ನೆ ಸಂಜೆ ಡೇರೆ ಗೂಟಕ್ಕೆ ನೇತಾಡ್ತಿತ್ತು. ನಾನೇ ನೋಡಿದೆ."

"ಕಾರಣ?" ಅಧ್ಯಕ್ಷರು ಮೇಡಂ ಕಡೆ ತಿರುಗಿ ಕೇಳಿದರು.

"ಕುರಿ ಹೋದರೆ ಇಲ್ಲಿ ಬೇಟೆಗೆ ಬರೋ ಪ್ರವಾಸಿಗರಿಗೆ ಅತಿಥಿಗೃಹ ಬರುತ್ತೆ. ಸಂರಕ್ಷಿತ ಪ್ರದೇಶಕ್ಕೆ ಇವರೇ ನಿರ್ದೇಶಕರು. ನಿಮ್ಮ ಕಡತದಲ್ಲೇ ಇದೆಯಲ್ಲ, ಸರ್. ಮೇಯಿಸಿದ ಕಡೆ ವೈವಿಧ್ಯ ಜಾಸ್ತಿ ಅಂತ ಇವತ್ತು ಎಣಿಕೆಯಾಗಿದ್ದರೆ ಎರಡೂ ಇಲ್ಲ."

ರಿಸ್ಬೆಕ್ ಮುಖ ಬಿಳಚಿತು. ಆಮೇಲೆ ನಿಧಾನವಾಗಿ ನಕ್ಕರು. "ಆಯ್ತು, ಕರ್ಕೊಂಡು ಹೋಗಿ. ಆದ್ರೆ ಕೊನೇ ಎಣಿಕೆ ಎಲ್ಲಿದೆ? ಬೂದಿ ಎಣಿಸ್ತೀರಾ? ಸಮಿತಿ ಮುಂದೆ ಇರೋದು ನನ್ನ ವರದಿ ಒಂದೇ."

ಕಳ್ಳ ಸಿಕ್ಕಿದ, ಆದರೆ ಗೆದ್ದವನು ಅವನೇ ಅಂತ ನನಗನಿಸಿತು.

ಚೋಲ್ಪೋನ್ ಕಣ್ಣು ಒರೆಸಿಕೊಂಡಳು.

"ನಿಮ್ಮ ಕೈಲೇ ಕಲಿತೆ, ಸರ್. ಹತ್ತು ಚೌಕ ಅಳೆಯೋದು ಬೆಟ್ಟ ಹೇಗಿದೆ ಅಂತ ತಿಳಿಯೋಕೆ ಅಂತ ಹೇಳಿಕೊಟ್ಟವರು ನೀವೇ. ನೀವು ಸುಟ್ಟಿದ್ದು ಹತ್ತು ಚೌಕ. ಬೆಟ್ಟ ಎಲ್ಲಿ ಸುಟ್ಟಿದೆ?"

ತಾಲಾಯ್ ಗುಡಾರದಿಂದ ನಾಲ್ಕು ಕೋಲು ತಂದ. ಅವಳು ಅಳೆದು ಕತ್ತರಿಸಿದಳು. ಹಗ್ಗ ಬಿಗಿದು ಚೌಕ ಮಾಡಿದರು.

"ನೀವೇ ಎಸೀರಿ," ಅಂತ ಅಧ್ಯಕ್ಷರ ಕೈಗಿಟ್ಟಳು. "ಬೆನ್ನು ತಿರುಗಿಸಿ, ನೋಡದೆ. ಜಾಗ ನಾನು ಆರಿಸಿದೆ ಅನ್ನೋ ಮಾತು ಬರಬಾರದು."

ಅಧ್ಯಕ್ಷರು ಎಸೆದರು. ಅವಳು ಹೊಟ್ಟೆ ಮೇಲೆ ಮಲಗಿ ಒಂದೊಂದೇ ಎಲೆ ಬಿಡಿಸಿ ಹೆಸರು ಕೂಗಿದಳು. ಇಪ್ಪತ್ತಾಯಿತು. ಮೂವತ್ತಾಯಿತು. ಮೂವತ್ತಮೂರಕ್ಕೆ ನಿಂತಿತು. ಸಮಿತಿಯವರು ಕೋಟು ಬಿಚ್ಚಿ ಮಂಡಿಯೂರಿದ್ದರು. ಎರಡನೆಯದರಲ್ಲಿ ಇಪ್ಪತ್ತೊಂಬತ್ತು. ಮೂರನೆಯದರಲ್ಲಿ ಮತ್ತೆ ಮೂವತ್ತಮೂರು.

ನಾನು ರಿಸ್ಬೆಕ್‌ರನ್ನು ಜೀಪಿಗೆ ಹತ್ತಿಸಿದೆ. ಈಗ ಅವರು ನಗುತ್ತಿರಲಿಲ್ಲ.

"ಇನ್ನೂ ಎಷ್ಟು ಕಡೆ ನೋಡ್ಬೇಕಮ್ಮ?" ಅಧ್ಯಕ್ಷರು ಬೆವರೊರೆಸಿಕೊಂಡು ಕೇಳಿದರು.

ಉತ್ತರ ಕೊಟ್ಟವಳು ಉಮ್ಸುನಾಯ್ ಅಜ್ಜಿ.

"ನಿಮಗೆ ನಂಬಿಕೆ ಬರೋವರೆಗೂ ಎಸೀರಿ. ಬೆಟ್ಟ ಎಲ್ಲೂ ಓಡಿಹೋಗಲ್ಲ. ನಾವೂ ಹೋಗಲ್ಲ."