ಆಪರೇಷನ್ ಬೇಡವೆಂದ ರಘುನಂದನ್

ಅರ್ಜಿ ಹಿಡಿದು ಮೇಜಿನ ಮುಂದೆ ನಿಂತವನನ್ನು ಕಂಡು ಸಿಂಧೂರಳ ಎದೆ ಧಸಕ್ಕೆಂದಿತು.

ರಘುನಂದನ್! ನಿಶ್ಚಿತಾರ್ಥವಾದ ಮೂರೇ ತಿಂಗಳಿಗೆ, ಹೋದ ತಿಂಗಳಷ್ಟೇ, ‘ನನ್ನ ಮನಸ್ಸು ಬದಲಾಗಿದೆ’ ಎಂದು ಫೋನಿನಲ್ಲೇ ಸಂಬಂಧ ಮುರಿದವನು.

ಅವನೂ ಬೆಚ್ಚಿದ. 2006ರ ಚಳಿಗಾಲವದು. ದೆಹಲಿಯ ಆ ಸಚಿವಾಲಯದ ನೌಕರರು ಸರ್ಕಾರಿ ಖರ್ಚಿನ ದೊಡ್ಡ ಚಿಕಿತ್ಸೆಗೆ ಮೊದಲೇ ಅನುಮತಿ ಪಡೆಯಬೇಕಿತ್ತು. ಆ ಅನುಮತಿ ಕೊಡುವ ವಿಭಾಗಕ್ಕೆ ಸಿಂಧೂರ ಕಳೆದ ವಾರವಷ್ಟೇ ವರ್ಗವಾಗಿ ಬಂದದ್ದು, ಮೇಲಿನ ಮಹಡಿಯಲ್ಲಿ ಕೆಲಸ ಮಾಡುವ ಅವನಿಗೆ ಗೊತ್ತಿರಲಿಲ್ಲ. ಕಾಗದ ಹಿಂದಕ್ಕೆಳೆಯಲು ನೋಡಿದ. ಅಷ್ಟರಲ್ಲಿ ಅವಳು ಓದಿಯಾಗಿತ್ತು.

ಶ್ವಾಸಕೋಶದ ಕ್ಯಾನ್ಸರ್. ಮೊದಲನೇ ಹಂತ.

ಸಿಗರೇಟನ್ನೇ ಮುಟ್ಟದ ಈ ಮನುಷ್ಯನಿಗೆ... ಯಾಕೆ ದೇವರೇ?

ಕೋಪ ಎಲ್ಲಿ ಹೋಯಿತೋ, ಅವಳು ಕಾಗದವನ್ನು ಮತ್ತೊಮ್ಮೆ ಓದಿದಳು. ಗಡ್ಡೆಯಿರುವ ಭಾಗವನ್ನು ಆಪರೇಷನ್ ಮಾಡಿ ತೆಗೆಯಬೇಕೆಂದು ವೈದ್ಯರು ಬರೆದಿದ್ದರು. ಇವನು ಮಾತ್ರ ರೇಡಿಯೇಷನ್‌ಗೆ ಅನುಮತಿ ಕೇಳಿದ್ದ!

ಅರ್ಧ ದಿನದ ರಜೆ ಬರೆದಿಟ್ಟು, ಅವನನ್ನು ಆಸ್ಪತ್ರೆಗೆ ಹೊರಡಿಸಿದಳು. ಬೇಡವೆಂದು ಆಟೋ ಹತ್ತುವವರೆಗೂ ಗೊಣಗಿದ. ಅವಳ ಮುಂದೆ ಅದು ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ವೈದ್ಯರು ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ರೇಡಿಯೇಷನ್ ಇರುವುದು ಆಪರೇಷನ್ ತಡೆದುಕೊಳ್ಳಲಾರದವರಿಗೆ. ಇವರ ಹೃದಯ, ಉಸಿರು ಎರಡೂ ಚೆನ್ನಾಗಿವೆ, ಈಗಲೇ ತೆಗೆದರೆ ಪೂರ್ತಿ ಗುಣವಾಗುವ ಅವಕಾಶ ಹೆಚ್ಚು. ಆದರೆ ಅಪಾಯವೇ ಇಲ್ಲವೆಂದು ಅವರು ಹೇಳಲಿಲ್ಲ.

ಹೊರಗೆ ಬೆಂಚಿನ ಮೇಲೆ ಕುಳಿತು ಕೇಳಿದಳು. “ಆಪರೇಷನ್ ಯಾಕೆ ಬೇಡ?”

“ಮನೆಯವರ ಸಹಿ ಬೇಕು. ದಾವಣಗೆರೆಯಲ್ಲಿರೋ ಅಮ್ಮನಿಗೆ ಇನ್ನೂ ಹೇಳಿಲ್ಲ.” ಅವನು ತಲೆ ತಗ್ಗಿಸಿದ. “ಅದೂ ನೆಪ, ಸಿಂಧೂ. ಮಲಗಿದವನು ಏಳದೇ ಹೋದರೆ ಅಂತ ಭಯ...”

“ಅದಕ್ಕೇ ನನ್ನನ್ನ ಬಿಟ್ಟಿರಾ?”

“ನಿಮ್ಮಪ್ಪ ಹೋದ ಮೇಲೆ ನಿಮ್ಮಮ್ಮ ಪಟ್ಟ ಪಾಡು ನೀನೇ ಹೇಳಿದ್ದೆ. ನಿನಗೂ ಆ ಗತಿ ಬರಬಾರದು ಅಂತ...”

ಅಷ್ಟು ದಿನ ತಡೆದಿದ್ದ ಅಳು ಅವಳಿಗೆ ಒಮ್ಮೆಲೇ ಬಂತು. ತನ್ನಲ್ಲೇನು ಕೊರತೆ ಕಂಡಿತೋ ಎಂದು ಕನ್ನಡಿ ನೋಡಲೂ ಹೆದರಿದ್ದಳು. ಈ ಪುಣ್ಯಾತ್ಮ ಒಬ್ಬನೇ ಸಾವಿನ ಲೆಕ್ಕ ಹಾಕುತ್ತಾ ಕೂತಿದ್ದ!

“ಮದುವೆ ಆಗದಿದ್ದರೆ ನನಗೆ ನೋವಾಗಲ್ಲ ಅಂದುಕೊಂಡ್ರಾ? ನಿಮಗೇನಾದರೂ ಆದರೆ ನಾನು ಅಳೋದನ್ನ ನಿಮ್ಮ ಕೈಲಿ ತಪ್ಪಿಸೋಕೆ ಆಗಲ್ಲ. ನಿಮ್ಮಮ್ಮನಿಗೆ ನಾನೇ ಫೋನ್ ಮಾಡ್ತೀನಿ.”

ಅವನು ಅವಳ ಕೈ ಹಿಡಿದ. ಇಬ್ಬರ ಅಂಗೈಯೂ ಬೆವೆತಿತ್ತು.

“ಆಪರೇಷನ್ನೇ ಮಾಡಿಸ್ಕೋತೀನಿ... ಒಳಗೆ ಕರ್ಕೊಂಡು ಹೋಗುವಾಗ ಬಾಗಿಲ ತನಕ ಬರ್ತೀಯಾ?”

“ಬರ್ತೀನಿ. ನೀವು ಆಚೆ ಬರೋ ತನಕ ಅಲ್ಲೇ ಇರ್ತೀನಿ.”