ಹಲ್ಲು ಸವೆದ ಗೇರ್

"ಬೆಲ್ಟ್ ಹಾಕು, ಮುಚ್ಚು, ಕೊಡು. ಆ ಸೆಟ್ಟಿನ ಒಳಗಿಂದ ಒಂದ್ ಸ್ಕ್ರೂನೂ ಈಚೆ ಬರ್ಬಾರ್ದು" ಎಂದು ಮುನಾವರ್ ಪಾಷಾ ಹೇಳಿದಾಗ ಬೆಟ್ಟಸ್ವಾಮಿ ನಕ್ಕಿದ್ದ. ನಗಬಾರದಿತ್ತು.

ತುಮಕೂರಿನ ಶಿರಾ ಗೇಟಿನಲ್ಲಿದ್ದ ಪಾಷಾರ ರಿಪೇರಿ ಅಂಗಡಿಗೆ ಅವನು ಹೊಸಬ. ಬೆಂಗಳೂರಿನಲ್ಲಿ ಕೆಲಸ ಕಲಿತವನು. ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದವನು. ಜನರೆಲ್ಲ ಡಿವಿಡಿಗೆ ಮುಗಿಬಿದ್ದಿದ್ದ ಕಾಲ ಅದು. ಹಳೆಯ ಜಪಾನ್ ಸಿ.ಡಿ. ಪ್ಲೇಯರುಗಳನ್ನು ಬಿಚ್ಚಿ ಸರಿಮಾಡಬಲ್ಲವರು ಪಾಷಾ ಒಬ್ಬರೇ ಎಂದು ಗುಬ್ಬಿ, ಕುಣಿಗಲ್ ಕಡೆಯಿಂದಲೂ ಸೆಟ್ಟುಗಳು ಬರುತ್ತಿದ್ದವು. ಈ ಸೆಟ್ಟು ಗುಬ್ಬಿಯ ರಂಗಲಕ್ಷ್ಮಮ್ಮನದು. ತೀರಿಹೋದ ಆಕೆಯ ಗಂಡ, ಹಾರ್ಮೋನಿಯಂ ಮೇಷ್ಟ್ರು ಚನ್ನವೀರಯ್ಯ ಹಾಡಿದ್ದ ಒಂದೇ ಒಂದು ಡಿಸ್ಕು ಅದರೊಳಗೆ ಸಿಕ್ಕಿಕೊಂಡಿತ್ತು. ಬೆಲ್ಟ್ ಸಡಿಲವಾಗಿ ಟ್ರೇ ತೆರೆಯುತ್ತಿರಲಿಲ್ಲ, ಅಷ್ಟೇ.

ಹಿಂದೊಮ್ಮೆ ಬೇರೆ ಊರಿನ ರಿಪೇರಿಯವನೊಬ್ಬ ಅದರ ಒಳ್ಳೆಯ ಮೋಟಾರು ಕದ್ದು, ಕೆಟ್ಟದ್ದನ್ನು ತುರುಕಿ ಕಳಿಸಿದ್ದನಂತೆ. ರೋಸಿಹೋದ ರಂಗಲಕ್ಷ್ಮಮ್ಮ ಬೆಳ್ಳಾವಿ ಕಡೆಯ ಕರಿಬಸವಯ್ಯನೆಂಬ ಮಂತ್ರವಾದಿಯಿಂದ ಸೆಟ್ಟಿಗೆ ಕಟ್ಟು ಹಾಕಿಸಿದ್ದಳು. ಅದರಿಂದ ಕದ್ದದ್ದು ಯಾವ ಮನೆ ಸೇರುತ್ತದೋ, ಆ ಮನೆಯಲ್ಲಿ ಮಾತು ಕಚ್ಚಿಕೊಳ್ಳುತ್ತದೆ. ಪಾಷಾ ಇದನ್ನು ದನಿ ತಗ್ಗಿಸಿ ಹೇಳಿದ್ದರು.

"ಮಂತ್ರಕ್ಕೆ ಮಾವಿನಕಾಯಿ ಉದುರ್ತದಾ ಭಾಯ್?" ಎಂದ ಬೆಟ್ಟಸ್ವಾಮಿ.

ಪಾಷಾ ಊಟಕ್ಕೆ ಹೋದಾಗ ಅವನು ಮುಚ್ಚಳ ತೆಗೆದ. ಗಪ್ಪೆಂದು ವಾಸನೆ ಬಡಿಯಿತು. ಸುಟ್ಟ ಮೆಣಸಿನಕಾಯಿ, ಸಾಂಬ್ರಾಣಿ, ಅದರಡಿಯಲ್ಲಿ ಕಮಟು ಹಿಡಿದ ಕೂದಲು. ಒಳಗೆ ಕರಿದಾರ ಸುತ್ತಿದ ತಾಮ್ರದ ತಗಡು. ಅದರ ಪಕ್ಕದಲ್ಲೇ ಒಂದು ಬಿಳಿಯ ಗೇರ್, ಒಂದು ಹಲ್ಲೂ ಸವೆದಿರಲಿಲ್ಲ. ಡಿಸ್ಕನ್ನು ಓದುವ ಲೇಸರ್ ಕಣ್ಣನ್ನು ಮುಂದಕ್ಕೆ ಸರಿಸುವ ಗೇರ್ ಅದು. ಹಲ್ಲು ಸವೆದರೆ ಕಣ್ಣು ಸರಿಯುವುದಿಲ್ಲ, ಹಾಡು ಒಂದೇ ಕಡೆ ನಿಂತು ಅದದನ್ನೇ ಹೇಳುತ್ತದೆ.

ಅಂಥದೇ ಗೇರಿಗಾಗಿ ಅವನು ಬೆಂಗಳೂರೆಲ್ಲ ಅಲೆದು ಬರಿಗೈಲಿ ಬಂದಿದ್ದ. ಕುಣಿಗಲ್‌ನ ಮಹಾಲಿಂಗಯ್ಯನವರ ಸೆಟ್ಟಿಗೆ ಅದು ಬೇಕಿತ್ತು. ಮಹಾಲಿಂಗಯ್ಯನವರ ಮಗಳು ಮಂಗಳಗೌರಿಯನ್ನು ಅವನಿಗೆ ಗೊತ್ತುಮಾಡಿದ್ದರು. ನಿಶ್ಚಿತಾರ್ಥದ ದಿನ ನಿಮ್ಮ ಸೆಟ್ಟಿನಲ್ಲೇ ಓಲಗ ನುಡಿಸುತ್ತೇನೆಂದು ಭಾವಿ ಮಾವನ ಮುಂದೆ ಕೊಚ್ಚಿಕೊಂಡು ಬಂದಿದ್ದ. ಆಗಲಿಲ್ಲ ಎಂದು ಒಪ್ಪಿಕೊಳ್ಳುವ ನಾಲಿಗೆ ಅವನಿಗಿರಲಿಲ್ಲ. ದಾರ ಕತ್ತರಿಸಿದ. ತಗಡನ್ನು ಕಸದ ಡಬ್ಬಿಗೆ ಎಸೆದ. ಒಳ್ಳೆಯ ಗೇರನ್ನು ಜೇಬಿಗಿಳಿಸಿ, ಮಹಾಲಿಂಗಯ್ಯನವರ ಸವೆದ ಗೇರನ್ನು ರಂಗಲಕ್ಷ್ಮಮ್ಮನ ಸೆಟ್ಟಿಗೆ ಕೂರಿಸಿದ.

ಮಾರನೆಯ ದಿನ ಆಕೆ ಬಂದಳು. ಸೆಟ್ಟು ಹಾಡಿತು. ಮೇಷ್ಟ್ರ ದನಿ ಎರಡು ಸಾಲು ನಡೆದು, ಮೂರನೆಯದರ ಮೊದಲ ಮಾತಿಗೇ ಕಚ್ಚಿಕೊಂಡಿತು. ಬಾರೇ, ಬಾರೇ, ಬಾರೇ, ಬಾರೇ.

"ಒಳಗಿಂದ ಏನಾರ ತಗಂಡ್ಯೇನಪ್ಪ?"

"ನಾನೇನೂ ಮುಟ್ಟಿಲ್ಲಮ್ಮ."

ಹೇಳುವಾಗ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ. ಆಕೆ ಆ ಕೈಯನ್ನು ನೋಡಿದಳು. ಬೈಯಲಿಲ್ಲ. ಸೆಟ್ಟನ್ನು ಸೀರೆಯ ಸೆರಗಿನಲ್ಲಿ ಮುಚ್ಚಿ ಎದೆಗವಚಿಕೊಂಡು ಗುಬ್ಬಿ ಬಸ್ಸಿನ ಕಡೆ ನಡೆದಳು. ಅವನಿಗೆ ಕಿವಿ ಬಿಸಿಯಾಯಿತು. ಡಿಸ್ಕೇ ಹಾಳಾಗಿದೆ ಎಂದು ಪಾಷಾರಿಗೆ ಹೇಳಿ, ತಲೆ ತಗ್ಗಿಸಿ ಬೇರೆ ಕೆಲಸ ಹಿಡಿದ.

ನಿಶ್ಚಿತಾರ್ಥದ ಸಂಜೆ ಮಹಾಲಿಂಗಯ್ಯನವರ ಮನೆ ತುಂಬಿತ್ತು. ಸೆಟ್ಟಿನಿಂದ ಓಲಗ ಸೊಗಸಾಗಿ ಬರುತ್ತಿತ್ತು. ಅಳಿಯಂದಿರ ಕೈಗುಣ ನೋಡಿ ಎಂದು ಮಾವ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಹಿರಿಯರಾಗಿ ಬಂದಿದ್ದ ಪಾಷಾ ಮಾತ್ರ ಸುಮ್ಮನೆ ಸೆಟ್ಟಿನ ಕಡೆ ಕಿವಿಗೊಟ್ಟು ಕೂತಿದ್ದರು. ಓಲಗದ ನಡುವೆ, ಸೆಟ್ಟಿನೊಳಗಿಂದಲೇ, ಯಾರೋ ಮುದುಕರು ಗಂಟಲು ಸರಿಮಾಡಿಕೊಂಡ ಸದ್ದು. ಬೆಟ್ಟಸ್ವಾಮಿ ಸೆಟ್ಟಿನ ಕಡೆಯಿಂದ ಮುಖ ತಿರುಗಿಸಿದ.

ಉಂಗುರ ತೊಡಿಸಿದ ಮೇಲೆ ಹೆಂಗಸರು ಮಂಗಳಗೌರಿಯನ್ನು ಸುತ್ತುಗಟ್ಟಿದರು. ಒಡಪು ಕಟ್ಟಿ ಗಂಡಿನ ಹೆಸರು ಹೇಳದೆ ಬಿಡುವುದಿಲ್ಲವೆಂದು ಪೀಡಿಸಿದರು. ಅವಳು ನಾಚಿ, ಅವನನ್ನೊಮ್ಮೆ ನೋಡಿ, ಶುರುಮಾಡಿದಳು.

"ತಟ್ಟೇಲಿ ತಾಂಬೂಲ, ಬಟ್ಟಲಲ್ಲಿ ಹಾಲು, ಬೆಟ್ಟ... ಬೆಟ್ಟ... ಬೆಟ್ಟ..."

ಹೆಂಗಸರು ನಕ್ಕರು. ಅವಳು ನಿಲ್ಲಿಸಲಿಲ್ಲ. ಬೆಟ್ಟ. ಬೆಟ್ಟ. ಬೆಟ್ಟ. ಒಂದೇ ದನಿ, ಒಂದೇ ಅಂತರ. ನಗು ಒಂದೊಂದಾಗಿ ಸತ್ತಿತು. ಅವಳ ಕಣ್ಣಲ್ಲಿ ನೀರು ತುಂಬಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಅಂಗೈಯೊಳಗಿಂದಲೂ ಅದೇ. ಆಗ ಕರೆಂಟು ಹೋಯಿತು. ಕತ್ತಲು. ಫ್ಯಾನು ನಿಂತಿತು. ಸೆಟ್ಟು ನಿಲ್ಲಲಿಲ್ಲ. ಓಲಗ ನಡೆದೇ ಇತ್ತು. ಸುಟ್ಟ ಮೆಣಸಿನಕಾಯಿಯ ಘಾಟು ಕೋಣೆ ತುಂಬಿತು. ಜನ ಕೆಮ್ಮಿದರು. ಯಾರೋ ದೀಪ ಹಚ್ಚಿದರು.

"ಆಯಮ್ಮನ ಸೆಟ್ಟಿನ ಗೇರ್ ನೀನ್ ತೆಗ್ದ್ಯಾ?" ಎಂದು ಪಾಷಾ ಕೇಳಿದರು. ಮಾವ ನೋಡುತ್ತಿದ್ದರು. ಅತ್ತೆ ನೋಡುತ್ತಿದ್ದರು. ಮಂಗಳಗೌರಿಯೂ.

"ನಾನೇನೂ ಮುಟ್ಟಿಲ್ಲ ಭಾಯ್."

ಅವಳ ತುಟಿಯಂಚಿನಲ್ಲಿ ರಕ್ತ ಕಾಣಿಸಿತು. ನಾಲಿಗೆ ಹಲ್ಲಿಗೆ ತಾಗಿ ತಾಗಿ ಹರಿದಿತ್ತು. ಬೆಟ್ಟಸ್ವಾಮಿ ಸೆಟ್ಟು ಆಫ್ ಮಾಡುವವನಂತೆ ಗೋಡೆ ಕಡೆ ತಿರುಗಿ, ಮುಚ್ಚಳ ಕಿತ್ತು, ಬೆರಳಿನಲ್ಲೇ ಗೇರನ್ನು ಎಳೆದುಕೊಂಡ. ಅದು ಬಿಸಿಯಾಗಿತ್ತು. ಓಲಗ ನಿಂತಿತು, ಅವಳ ಬಾಯಿ ನಿಲ್ಲಲಿಲ್ಲ. ಪಾಷಾ ಅದನ್ನು ಕಂಡರು. ಹೊರಗೆ ಹೋಗಿ ಸ್ಕೂಟರ್ ಸ್ಟಾರ್ಟ್ ಮಾಡಿದರು, ಅವನು ಹಿಂದೆ ಹತ್ತಿದ.

ಕುಣಿಗಲ್‌ನಿಂದ ತುಮಕೂರು, ತುಮಕೂರಿಂದ ಗುಬ್ಬಿ. ರಂಗಲಕ್ಷ್ಮಮ್ಮನ ಮನೆ ಬಾಗಿಲು ತೆರೆದಿತ್ತು. ಒಳಗೆ ಬಾರೇ, ಬಾರೇ, ಬಾರೇ. ಆಕೆ ಸೆಟ್ಟಿನ ಮುಂದೆ ಕೂತಿದ್ದಳು. ಅಕ್ಕಪಕ್ಕದ ಮನೆಯವರೂ ಸೇರಿದ್ದರು.

"ಮೊದ್ಲು ತಗ್ದೆ ಅಂತ ಬಾಯ್ಬುಟ್ಟು ಹೇಳು. ಆಮೇಲೆ ಕೂರ್ಸು. ಕಟ್ಟು ಬಿಚ್ಚೋದು ಹಂಗೇ ಕಣಪ್ಪ" ಎಂದಳು.

ಎರಡು ಮಾತು, ಅಷ್ಟೇ. ಬೆಟ್ಟಸ್ವಾಮಿ ಸುತ್ತ ನೋಡಿದ. ಅಷ್ಟೂ ಮುಖಗಳು ಅವನ ಬಾಯನ್ನೇ ನೋಡುತ್ತಿದ್ದವು. ನಾಳೆ ಬೆಳಗಾದರೆ ಗುಬ್ಬಿ, ತುಮಕೂರು, ಕುಣಿಗಲ್ ಎಲ್ಲ ಕಡೆ ಕಳ್ಳ ಎಂಬ ಹೆಸರು. ಗೇರ್ ವಾಪಸ್ಸು ಕೊಟ್ಟರೆ ಸಾಲದೇ, ಹೇಳಲೇಬೇಕೇ? ಮುಟ್ಟಿದ್ದನ್ನು ಮುಟ್ಟಿಸಿದರೆ ಮುಗಿಯಿತಲ್ಲ. ಬಾಯಿ ಬಿಡದೆ ಮುಚ್ಚಳ ತೆಗೆದ. ಪಾಷಾ ಅವನ ತೋಳು ಹಿಡಿದರು, ಕೊಸರಿಕೊಂಡ. ಸವೆದದ್ದನ್ನು ಕಿತ್ತ. ಒಳ್ಳೆಯದನ್ನು ಒತ್ತಿದ. ಟಕ್ ಎಂದು ಕೂತಿತು.

ಚನ್ನವೀರಯ್ಯನ ದನಿ ಸರಿದು ಮುಂದೆ ಹರಿಯಿತು. ರಂಗಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದೇ ಹೊತ್ತಿಗೆ ಪಾಷಾರ ಮೊಬೈಲ್ ಬಡಿಯಿತು. ಮಂಗಳಗೌರಿಯ ಬಾಯಿ ನಿಂತಿತಂತೆ, ನೀರು ಕೇಳಿದಳಂತೆ. ಬೆಟ್ಟಸ್ವಾಮಿ ಅಲ್ಲೇ ಕುಸಿದು ಕೂತ. ಎದೆ ಹಗುರವಾಯಿತು. ಈಗ ಹೇಳಬಹುದು ಅನ್ನಿಸಿತು, ಈಗ ಹೇಳಬೇಕು ಅನ್ನಿಸಿತು. ತಪ್ಪಾಯ್ತು ತಾಯಿ ಅನ್ನಲು ಆಕೆಯ ಕಾಲ ಬಳಿ ಬಗ್ಗಿದ.

"ನಾನೇನೂ ಮುಟ್ಟಿಲ್ಲಮ್ಮ."

ಬೆಚ್ಚಿದ. ಮತ್ತೆ ಬಾಯಿ ತೆರೆದ. "ನಾನೇನೂ ಮುಟ್ಟಿಲ್ಲಮ್ಮ. ನಾನೇನೂ ಮುಟ್ಟಿಲ್ಲಮ್ಮ. ನಾನೇನೂ." ಹಲ್ಲು ಕಚ್ಚಿದ. ಆಗ ನಿಂತಿತು.

"ಮೊದ್ಲೇ ಹೇಳಿದ್ನಲ್ಲಪ್ಪ" ಎಂದಳು ರಂಗಲಕ್ಷ್ಮಮ್ಮ. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಸಹಿಸಲಾಗಲಿಲ್ಲ.

ಕರಿಬಸವಯ್ಯನನ್ನು ಹುಡುಕಿಕೊಂಡು ಹೋದರೆ, ತಾನು ಹಾಕಿದ ಕಟ್ಟು ಬಿಚ್ಚಿಯಾಗಿದೆ, ಇದು ನೀನೇ ಹಾಕಿಕೊಂಡದ್ದು ಎಂದು ಕೈಚೆಲ್ಲಿಬಿಟ್ಟ. ಬರೆದಾದರೂ ಹೇಳೋಣವೆಂದು ಪೆನ್ನು ಹಿಡಿದರೆ ಕೈಯೂ ಅದನ್ನೇ ಬರೆಯಿತು. ಪಾಷಾ ಅವನನ್ನು ಅಂಗಡಿಯಿಂದ ಕಳಿಸಲಿಲ್ಲ. ಗಿರಾಕಿಗಳಿಗೆ ಬೆನ್ನು ಮಾಡಿ, ಹಲ್ಲು ಕಚ್ಚಿಕೊಂಡು ಅವನು ಗೇರ್ ಕೂರಿಸುತ್ತಿದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅವನದು ಅಡಿಕೆಗಿಂತ ಚಿಕ್ಕ ಪ್ಲಾಸ್ಟಿಕ್ಕಿಗೆ ಹೋಗಿತ್ತು.

ಒಂದು ಮಧ್ಯಾಹ್ನ ಮಂಗಳಗೌರಿ ಬಂದಳು. ತುಟಿಯ ಗಾಯ ಮಾಗಿತ್ತು. ಬೆರಳಲ್ಲಿ ಇನ್ನೂ ಅವನ ಉಂಗುರವಿತ್ತು.

"ತಗ್ದೆ ಅಂತ ನಿಮ್ಮ್ ಬಾಯಲ್ಲೇ ಒಂದ್ ಸಲ ಹೇಳ್ಬುಡಿ. ಅಪ್ಪನ್ನ ನಾನು ಒಪ್ಪುಸ್ತೀನಿ."

ಅವನು ತಲೆಯೆತ್ತಿದ. ತಲೆಯಾಡಿಸಿ ಹೌದು ಅನ್ನಲು ನೋಡಿದ; ಕುತ್ತಿಗೆ ಅಲ್ಲಾಡಲಿಲ್ಲ. ಕೊನೆಗೆ ಬಾಯಿ ತೆರೆದ.

"ನಾನೇನೂ ಮುಟ್ಟಿಲ್ಲಮ್ಮ. ನಾನೇನೂ ಮುಟ್ಟಿಲ್ಲಮ್ಮ. ನಾನೇನೂ ಮುಟ್ಟಿಲ್ಲಮ್ಮ."

ಅವಳು ಉಂಗುರ ಬಿಚ್ಚಿ, ಸ್ಕ್ರೂಗಳಿದ್ದ ತಟ್ಟೆಯಲ್ಲಿಟ್ಟು ಹೊರಟಳು. ಅವನ ಬಾಯಿ ಇನ್ನೂ ನಿಂತಿರಲಿಲ್ಲ. ಪಾಷಾ ಎದ್ದು, ದಾರಿಯಲ್ಲಿ ಹೋಗುವವರಿಗೆ ಕೇಳಿಸದಿರಲೆಂದು ರೇಡಿಯೋದ ಸದ್ದು ಜೋರು ಮಾಡಿದರು.