ಒರೆಸಿಟ್ಟ ದೋಣಿ

ದೋಣಿಯ ತಳದಲ್ಲಿ ಅಂಗೈ ಅಗಲದ ತೂತು. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದ ಕಾವಲುಗಾರ ಬೊಬ್ಬೆ ಹಾಕಿದ.

ಅದು ಚಾಂಪಿಯನ್ನಳ ದೋಣಿ. ಒಬ್ಬರೇ ಕೂತು ಎರಡು ಹುಟ್ಟು ಹಾಕುವ ಸಿಂಗಲ್ ಸ್ಕಲ್ಸ್‌ನಲ್ಲಿ ಹನ್ನೊಂದು ವರ್ಷ ಅವಳು ಸೋಲಿನ ಮುಖ ನೋಡಿರಲಿಲ್ಲ. ಮಧ್ಯಾಹ್ನ ಕೊನೆಯ ಪಂದ್ಯ. ಆಮೇಲೆ ನಿವೃತ್ತಿ.

ಇನ್‌ಸ್ಪೆಕ್ಟರ್ ಬಂದರು. ಈಜು ಬಾರದ ಹೆಂಗಸು. ನೀರಿನಿಂದ ಮಾರು ದೂರ ನಿಂತೇ ವಿಚಾರಣೆ ಶುರು ಮಾಡಿದರು. ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಕಾವಲುಗಾರನನ್ನು ಬಿಟ್ಟರೆ ಮೂವರ ಹತ್ತಿರ: ಚಾಂಪಿಯನ್, ಅವಳ ಕೋಚ್ ಆಗಿದ್ದ ಸ್ವಂತ ಅಣ್ಣ, ಮತ್ತು ಈ ಸಲ ಅವಳನ್ನು ಸೋಲಿಸಿಯೇ ತೀರುತ್ತೇನೆಂದು ಊರೆಲ್ಲ ಸಾರಿಕೊಂಡಿದ್ದ ಹುಡುಗಿ. ನಿನ್ನೆ ಸಂಜೆ ಕೊನೆಗೆ ಶೆಡ್ಡಿನಿಂದ ಹೊರಬರುವಾಗ ಕಾವಲುಗಾರ ಕಂಡದ್ದೂ ಈ ಹುಡುಗಿಯನ್ನೇ. ಎಲ್ಲರೂ ಅವಳತ್ತಲೇ ಬೆರಳು ತೋರಿಸಿದರು.

"ಟೋಪಿ ಮರೆತಿದ್ದೆ ಮೇಡಂ, ತಗೊಂಡು ಹೋದೆ," ಎಂದಳು ಹುಡುಗಿ. "ಅಕ್ಕನ್ನ ನೀರಲ್ಲಿ ಸೋಲಿಸ್ಬೇಕು ನಾನು. ದೋಣಿ ಒಡೆದ್ರೆ ಯಾರನ್ನ ಸೋಲಿಸ್ಲಿ?"

ಇನ್‌ಸ್ಪೆಕ್ಟರ್ ಶೆಡ್ಡಿನಲ್ಲಿದ್ದ ಇಬ್ಬರ ದೋಣಿಗಳನ್ನೂ ನೋಡಿದರು. ಹುಡುಗಿಯದರ ಮೇಲೆ ಹೋದ ವಾರದ ಕೆಸರು. ಚಾಂಪಿಯನ್ನಳದು, ತೂತಾದರೂ, ಫಳಫಳ.

"ಇದನ್ನ ಯಾರು ಒರೆಸೋದು?"

"ನಮ್ಮಣ್ಣ," ಎಂದಳು ಚಾಂಪಿಯನ್. "ಹುಟ್ಟು ಹಾಕೋದು ಬಿಟ್ರೆ ನಂಗೇನೂ ಬರಲ್ಲ. ದೋಣಿ ಮುಟ್ಟಿದ್ರೆ ಸಾಕು, ಅವನ ಕೈ ತಾನಾಗೇ ಬಟ್ಟೆ ಹುಡುಕುತ್ತೆ."



* * *

ಗೋಡೆಗೆ ನೇತುಹಾಕಿದ್ದ ಒರೆಸುವ ಬಟ್ಟೆಯನ್ನು ಇನ್‌ಸ್ಪೆಕ್ಟರ್ ಅಣ್ಣನ ಮುಂದೆ ಕೊಡವಿದರು. ದೋಣಿಯ ಚೂರುಗಳು ಉದುರಿದವು.

"ತೂತು ಕೊರೆದ್ರೆ ಪುಡಿ ಬೀಳ್ಬೇಕು. ದೋಣಿ ಮೇಲೆ ಒಂದು ಚೂರೂ ಇರ್ಲಿಲ್ಲ. ಹಾಳು ಮಾಡೋಕೆ ಬಂದ ಶತ್ರು ಒರೆಸಿಟ್ಟು ಹೋಗಲ್ಲ ಸ್ವಾಮಿ. ಅಭ್ಯಾಸ ನಿಮ್ಮನ್ನ ಹಿಡಿದುಕೊಡ್ತು."

ರಾತ್ರಿ ಬಂದು ಕೊರೆದದ್ದನ್ನು ಅಣ್ಣ ಒಪ್ಪಿಕೊಂಡ. "ಅವಳ ವೇಗ ಇಳಿದಿದೆ ಮೇಡಂ. ಅವಳು ಸೋತು ಬರೋದನ್ನ ನನ್ನ ಕಣ್ಣಿಂದ ನೋಡೋಕಾಗಲ್ಲ. ಸೋಲದೇ ನಿಲ್ಲಿಸ್ಲಿ ಅಂತ..."

ಚಾಂಪಿಯನ್ನಳಿಗೆ ಮೈಯೆಲ್ಲ ಉರಿಯಿತು. "ವೇಗ ಇಳಿದಿದ್ದು ನಂಗೆ ಗೊತ್ತಿಲ್ವೇನೋ? ಗೊತ್ತಿದ್ದೇ ಹೊರಟಿದ್ದೆ!"

"ದೂರು ಬರ್ಕೊಳ್ಳಾ?" ಎಂದರು ಇನ್‌ಸ್ಪೆಕ್ಟರ್.

"ದೂರು ಬೇಡ. ದೋಣಿ ಬೇಕು."

"ನನ್ನ ಹಳೇದಿದೆ ಅಕ್ಕ," ಎಂದಳು ಹುಡುಗಿ.

* * *

ಈ ಪಂದ್ಯದಲ್ಲಿ ದೋಣಿ ಸಾಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ. ಮುಂದಿರುವವರಿಗೆ ಹಿಂದಿನವರೆಲ್ಲರ ಬೆನ್ನು ಕಾಣುತ್ತದೆ. ಹುಡುಗಿ ಒಂದು ದೋಣಿಯಷ್ಟು ಅಂತರದಿಂದ ಗೆದ್ದಳು. ಚಾಂಪಿಯನ್ ಎರಡನೆಯವಳಾಗಿ ದಡಕ್ಕೆ ಬಂದಳು, ಏದುಸಿರು ಬಿಡುತ್ತ, ನಗುತ್ತ.

ಅಣ್ಣ ಮುಖ ಮುಚ್ಚಿಕೊಂಡು ನಿಂತಿದ್ದ. ಅವಳು ಅವನ ಕೈ ಎಳೆದು ಸರಿಸಿದಳು.

"ನೋಡೋ, ಸರಿಯಾಗಿ ನೋಡು. ಹನ್ನೊಂದು ವರ್ಷ ಬೇರೆಯವರ ಬೆನ್ನು ನೋಡಿದೆ. ಇವತ್ತು ಒಬ್ಬಳು ನನ್ನ ಬೆನ್ನು ನೋಡಿದ್ಲು. ಅಷ್ಟೇ ಕಣೋ ಸೋಲು ಅಂದ್ರೆ!"